ಶಿವಮೊಗ್ಗ–ಭದ್ರಾವತಿಗಳ ಎರಡು ಪೂಜಾವಿಧಿಗಳೂ ಯೆಹೂದ್ಯ–ಕ್ರೈಸ್ತ ಸಂಬಂಧದ ಪೂರ್ವಚರಿತ್ರೆಯೂ

ಶಿವಮೊಗ್ಗೆಯ ತುಂಗೆಯೂ ಭದ್ರಾವತಿಯ ಭದ್ರೆಯೂ ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಒಂದಾಗುವುದು ಎಲ್ಲರೂ ಬಲ್ಲ ಸಂಗತಿ. ಈ ಎರಡು ಊರುಗಳ ನಡುವಣ ದೂರ ಸುಮಾರು 20 ಕಿಲೋಮೀಟರು ಮಾತ್ರ. ಹೀಗಿದ್ದೂ ಕಥೋಲಿಕ ಕ್ರೈಸ್ತರಿಗೆ ಇಲ್ಲಿ ಎರಡು ಧರ್ಮಪ್ರಾಂತ್ಯಗಳಿವೆ. ಶಿವಮೊಗ್ಗೆಯದು 1988ರಲ್ಲಿ ಸ್ಥಾಪಿತವಾದ ಲ್ಯಾಟಿನ್ ವಿಧಿಯ ಧರ್ಮಪ್ರಾಂತ್ಯ. ಭದ್ರಾವತಿಯದು 2007ರಲ್ಲಿ ಮಾನಂದವಾಡಿ ಧರ್ಮಪ್ರಾಂತ್ಯದಿಂದ ಬೇರ್ಪಡಿಸಲ್ಪಟ್ಟ ಸಿರೋ-ಮಲಬಾರ್ ವಿಧಿಯದು. ಎರಡಕ್ಕೂ ಶ್ರದ್ಧೆ ಒಂದೇ, ರೋಮಿನ ಪೋಪರ ಅಧೀನತೆಯೂ ಒಂದೇ. ಭೇದವಿರುವುದು ಪೂಜಾವಿಧಿಯಲ್ಲಿ. ಮೊದಲನೆಯದು ರೋಮಾಪುರಿಯಿಂದ ಬಂದದ್ದು. ಎರಡನೆಯದು ಮೆಸೊಪೊಟೇಮಿಯದ ಎದೆಸ್ಸಾ ಮುಂತಾದ ಪಟ್ಟಣಗಳಲ್ಲಿ ಸಿರಿಯಕ್ ಭಾಷೆಯಲ್ಲಿ ರೂಪುಗೊಂಡು, ಪಾರಸೀಕ ಸಮುದ್ರಮಾರ್ಗವಾಗಿ ಮಲೆಯಾಳಕ್ಕೆ ಬಂದು, ಅಲ್ಲಿಂದ ಮಲೆನಾಡಿಗೆ ಬೇಸಾಯಕ್ಕೆಂದು ಏರಿಬಂದ ಕುಟುಂಬಗಳೊಡನೆ ಇಲ್ಲಿ ನೆಲೆಸಿತು.

ಈ ಎರಡು ವಿಧಿಗಳ ಭೇದವನ್ನು ಭಾಷಾಭೇದವೆಂದೂ ದೇಶಾಚಾರಭೇದವೆಂದೂ ಹೇಳಿ ಮುಗಿಸುವುದು ವಾಡಿಕೆ. ಆದರೆ ಇವು ರೂಪುಗೊಂಡ ಕಾಲದಲ್ಲಿ ಕ್ರೈಸ್ತರು ಎಲ್ಲಿ ಹೋದರೂ ಅವರ ನೆರೆಯಲ್ಲಿ ಯೆಹೂದ್ಯರಿದ್ದರು. ಒಂದೇ ವೇದಗ್ರಂಥವನ್ನು ಇಬ್ಬರೂ ಓದುತ್ತಿದ್ದರು. ಅದರ ಅರ್ಥ ಯಾರದೆಂಬುದಕ್ಕೆ ಹೋರಾಡುತ್ತಿದ್ದರು. ಆ ನೆರೆತನ ರೋಮಕ ಚಕ್ರಾಧಿಪತ್ಯದಲ್ಲಿ ಒಂದು ಬಗೆಯಾಗಿಯೂ ಪಾರಸೀಕ ರಾಜ್ಯದಲ್ಲಿ ಇನ್ನೊಂದು ಬಗೆಯಾಗಿಯೂ ನಡೆಯಿತು. ಅದರ ಗುರುತುಗಳು ಎರಡು ಪೂಜಾವಿಧಿಗಳಲ್ಲಿಯೂ ಉಳಿದಿವೆ.

ಕ್ರಿ. ಶ. 3ನೆಯ ಶತಮಾನದಿಂದ 7ನೆಯ ಶತಮಾನದವರೆಗಿನ ಕಾಲವನ್ನು ಪ್ರಾಚೀನಯುಗದ ಉತ್ತರಕಾಲವೆಂದು ಇತಿಹಾಸಜ್ಞರು ಕರೆಯುತ್ತಾರೆ. ಯೆರೂಸಲೇಮಿನ ದೇವಾಲಯವು ಕ್ರಿ. ಶ. 70ರಲ್ಲಿ ನಾಶವಾದ ಮೇಲೆ ಕ್ರೈಸ್ತರು ಯೆಹೂದ್ಯರಿಂದ ಬೇಗನೆ ಅಗಲಿದರು, ಆಮೇಲೆ ಅವರ ನಡುವೆ ವೈರದ ಹೊರತು ಬೇರೆ ವ್ಯವಹಾರವಿರಲಿಲ್ಲ ಎಂಬುದು ಬಹುಕಾಲ ನಡೆದುಬಂದ ಮತ. ಫ್ರೆಂಚ್ ವಿದ್ವಾಂಸನಾದ ಮಾರ್ಸೆಲ್ ಸಿಮೋನನು 1948ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮತವನ್ನು ಅಲುಗಾಡಿಸಿದನು. ಎರಡು ಧರ್ಮಗಳೂ ಶತಮಾನಗಳವರೆಗೆ ಪರಸ್ಪರ ಸ್ಪರ್ಧೆಯಲ್ಲಿಯೂ ಸಂಪರ್ಕದಲ್ಲಿಯೂ ಇದ್ದುವೆಂಬುದು ಅವನ ವಾದ. 2004ರಲ್ಲಿ ಡೇನಿಯಲ್ ಬೊಯಾರಿನ್ ಎಂಬ ತಾಲ್ಮುದ್ ವಿದ್ವಾಂಸರು ಇನ್ನೂ ಮುಂದೆ ಹೋಗಿ, ಎಲ್ಲೆಯು ತಾನಾಗಿ ಮೂಡಿದುದಲ್ಲ, ಎರಡೂ ಕಡೆಯ ಪಂಡಿತರು ಬರೆದು ಬರೆದು ಅದನ್ನು ಉಂಟುಮಾಡಿದರು ಎಂದರು. ಈ ಕೊನೆಯ ಮಾತು ತುಸು ಅತಿಯಾಯಿತೆಂದು ತೋರುತ್ತದೆ. ಸುನ್ನತಿ ಮಾಡಿಸಿಕೊಂಡವನಿಗೂ ಮಾಡಿಸಿಕೊಳ್ಳದವನಿಗೂ ಭೇದ ತಿಳಿಯಲು ಪಂಡಿತರ ಬರೆಹ ಬೇಕಿರಲಿಲ್ಲ. ಆದರೂ ಸಾಕ್ಷ್ಯವನ್ನು ಓದುವ ಕ್ರಮವನ್ನು ಈ ವಿದ್ವಾಂಸರು ಬದಲಿಸಿದರೆಂಬುದರಲ್ಲಿ ಸಂದೇಹವಿಲ್ಲ.

ಆ ನೆರೆತನಕ್ಕೆ ಕಣ್ಣಾರೆ ಕಾಣುವ ಸಾಕ್ಷಿ ಯೂಫ್ರಟಿಸ್ ನದಿಯ ದಡದ ದೂರಾ-ಯೂರೋಪಸ್ ಎಂಬ ರೋಮಕರ ಗಡಿಪಟ್ಟಣದಲ್ಲಿ ದೊರೆತಿದೆ. 256ರ ಸುಮಾರಿಗೆ ಪಾರಸೀಕರು ಅದನ್ನು ಮುತ್ತಿದಾಗ, ಪಟ್ಟಣದವರು ಕೋಟೆಗೋಡೆಯನ್ನು ಬಲಪಡಿಸಲು ಅದಕ್ಕೆ ಒತ್ತಿದ ಬೀದಿಯ ಕಟ್ಟಡಗಳನ್ನು ಮಣ್ಣಿನಿಂದ ತುಂಬಿದರು. ಪಟ್ಟಣ ಹಾಳಾಯಿತು, ಮಣ್ಣಿನಲ್ಲಿ ಹೂತ ಕಟ್ಟಡಗಳು ಉಳಿದುವು. 1930ರ ದಶಕದ ಉತ್ಖನನದಲ್ಲಿ ಅದೇ ಗೋಡೆಯ ಮಗ್ಗುಲಲ್ಲಿ ಮೋಶೆ, ಎಸ್ತೇರ್ ಮುಂತಾದವರ ಕಥಾಚಿತ್ರಗಳಿಂದ ತುಂಬಿದ ಯೆಹೂದ್ಯರ ಸಭಾಮಂದಿರವೂ, ಸ್ನಾನದೀಕ್ಷೆಯ ಕೋಣೆಯುಳ್ಳ ಕ್ರೈಸ್ತರ ಪ್ರಾರ್ಥನಾಗೃಹವೂ ಹೊರಬಂದುವು. ಇವೆರಡರ ನಡುವಿನ ದೂರವನ್ನು ಕೆಲವು ನಿಮಿಷಗಳಲ್ಲಿ ನಡೆದು ಮುಗಿಸಬಹುದು.

ಅಕ್ಕಪಕ್ಕದ ಕಟ್ಟಡಗಳು ನೆರೆತನವನ್ನು ತೋರಿಸಬಹುದೇ ಹೊರತು, ನೆರೆಯವರ ನಡೆಯನ್ನು ಹೇಳಲಾರವು. ಅದಕ್ಕೆ ಬರೆಹದ ಸಾಕ್ಷ್ಯ ಬೇಕು. ಅದು ದೊರೆಯುವುದು, ಆಶ್ಚರ್ಯವೆಂಬಂತೆ, ಯೆಹೂದ್ಯರನ್ನು ಅತ್ಯಂತ ಕಟುವಾಗಿ ನಿಂದಿಸಿದವರ ಬಾಯಿಂದಲೇ. ಯೋವಾನ್ ಕ್ರಿಸಾಸ್ತಮನು 386–387ರಲ್ಲಿ ಸಿರಿಯದ ಅಂತಿಯೋಕ್ಯದಲ್ಲಿ ಪಾದ್ರಿಯಾಗಿದ್ದಾಗ ಎಂಟು ಪ್ರವಚನಗಳನ್ನು ಮಾಡಿದನು. ಅವುಗಳ ಭಾಷೆ ಎಷ್ಟು ಕ್ರೂರವೆಂದರೆ, ಮುಂದಿನ ಶತಮಾನಗಳಲ್ಲಿ ಯೆಹೂದ್ಯದ್ವೇಷಿಗಳಿಗೆ ಅವು ಆಕರಗ್ರಂಥಗಳಾದುವು. ಆದರೆ ಅವನು ಗದರಿಸುತ್ತಿರುವುದು ಯಾರನ್ನು ಎಂದು ಕೇಳಿದರೆ ಚಿತ್ರ ಬೇರೆಯಾಗುತ್ತದೆ. ಎದುರಿಗೆ ಕುಳಿತಿದ್ದವರು ಯೆಹೂದ್ಯರಲ್ಲ, ಅವನ ಸಭೆಯ ಕ್ರೈಸ್ತರೇ. ಅವರು ಶರತ್ಕಾಲದ ಯೆಹೂದ್ಯ ಹಬ್ಬಗಳಲ್ಲಿ ಕೊಂಬಿನ ಧ್ವನಿ ಕೇಳಲು ಸಭಾಮಂದಿರಕ್ಕೆ ಹೋಗುತ್ತಿದ್ದರು. ಯೆಹೂದ್ಯರ ಉಪವಾಸದ ದಿನ ತಾವೂ ಉಪವಾಸವಿರುತ್ತಿದ್ದರು. ಕಾಯಿಲೆ ಬಿದ್ದರೆ ಪಟ್ಟಣದ ಹೊರಗಿನ ದಾಫ್ನೆಯಲ್ಲಿದ್ದ ಅವರ ಸ್ಥಳದಲ್ಲಿ ರಾತ್ರಿ ಮಲಗಿ ಗುಣವನ್ನು ಬೇಡುತ್ತಿದ್ದರು. ಒಬ್ಬ ಕ್ರೈಸ್ತನು ವ್ಯವಹಾರವೊಂದರಲ್ಲಿ ಒಬ್ಬ ಕ್ರೈಸ್ತ ಸ್ತ್ರೀಯನ್ನು ಪ್ರಮಾಣ ಮಾಡಿಸಲು ಸಭಾಮಂದಿರಕ್ಕೆ ಬಲವಂತವಾಗಿ ಎಳೆದೊಯ್ಯುತ್ತಿದ್ದುದನ್ನು ತಾನೇ ತಡೆದೆನೆಂದು ಕ್ರಿಸಾಸ್ತಮನು ಹೇಳಿಕೊಳ್ಳುತ್ತಾನೆ. ಕಾರಣ ವಿಚಾರಿಸಲು, ಅಲ್ಲಿ ಮಾಡಿದ ಆಣೆ ಹೆಚ್ಚು ಭಯಂಕರವೆಂದು ಜನರು ಹೇಳುತ್ತಾರೆಂಬ ಉತ್ತರ ದೊರೆಯಿತಂತೆ. ಆಣೆಗೆ ಇಂಥ ದೇವರೇ ಆಗಬೇಕೆಂದು ಪಟ್ಟು ಹಿಡಿಯುವ ಕಕ್ಷಿಗಾರರನ್ನು ಕಂಡ ಮಲೆನಾಡಿನವರಿಗೆ ಈ ಮಾತು ವಿಚಿತ್ರವೆನಿಸದು.

ಅಂತಿಯೋಕ್ಯವೊಂದೇ ಅಲ್ಲ. 4ನೆಯ ಶತಮಾನದ ಆದಿಯಲ್ಲಿ ಸ್ಪೇನಿನ ಎಲ್ವೀರದಲ್ಲಿ ಸೇರಿದ ಧರ್ಮಸಭೆಯು, ಕ್ರೈಸ್ತ ಭೂಮಾಲಿಕರು ತಮ್ಮ ಹೊಲದ ಬೆಳೆಯನ್ನು ಯೆಹೂದ್ಯರಿಂದ ಹರಸಿಸಿಕೊಳ್ಳಕೂಡದೆಂದು ವಿಧಿಸಿತು. ಅದೇ ಶತಮಾನದಲ್ಲಿ ಏಷ್ಯಾಮೈನರಿನ ಲವೊದಿಕೀಯದ ಧರ್ಮಸಭೆಯು ಸಬ್ಬತ್ ದಿನ ಕೆಲಸ ಬಿಡಕೂಡದೆಂದೂ ಯೆಹೂದ್ಯರ ಹುಳಿಯಿಲ್ಲದ ರೊಟ್ಟಿಯನ್ನು ತೆಗೆದುಕೊಳ್ಳಕೂಡದೆಂದೂ ಹೇಳಿತು. ಯಾರೂ ಮಾಡದ ಕೆಲಸವನ್ನು ನಿಷೇಧಿಸುವುದು ಧರ್ಮಸಭೆಗಳ ಪದ್ಧತಿಯಲ್ಲ. ನಿಷೇಧವು ಎಷ್ಟು ವಿವರವಾಗಿದೆಯೋ ಬಳಕೆಯೂ ಅಷ್ಟು ಗಟ್ಟಿಯಾಗಿತ್ತೆಂದು ತಿಳಿಯಬೇಕು.

ಈ ಬಗೆಯ ವಾಚನಕ್ರಮವು ಕನ್ನಡದ ಅಧ್ಯಾಪಕರಿಗೆ ಹೊಸದಾಗಬೇಕಾಗಿಲ್ಲ. ಜೈನರ ಮೇಲೆ ಶೈವಪುರಾಣಗಳು ಆಡಿದ ಮಾತುಗಳನ್ನೇ ನಂಬಿದವರಿಗೆ, ಇದೇ ಜಿಲ್ಲೆಯ ಬಳ್ಳಿಗಾವೆಯಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ದೇವಾಲಯಗಳು ಒಂದೇ ಊರಿನಲ್ಲಿ ದತ್ತಿ ಪಡೆದುದನ್ನು ಹೇಳುವ ಶಾಸನಗಳು ಸಮಸ್ಯೆಯಾಗುತ್ತವೆ. ಹಾಗೆಂದು ಜಗಳವೇ ಇರಲಿಲ್ಲವೆಂದಲ್ಲ. ಇಲ್ಲದಿದ್ದರೆ 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ನಿಂತು ತೀರ್ಪು ಕೊಟ್ಟು, ಅದನ್ನು ಶ್ರವಣಬೆಳಗೊಳದಲ್ಲಿ ಕಲ್ಲಿನ ಮೇಲೆ ಬರೆಯಿಸಬೇಕಾಗುತ್ತಿರಲಿಲ್ಲ. ಪುರಾಣವೂ ಶಾಸನವೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ.

ರೋಮಕ ಚಕ್ರಾಧಿಪತ್ಯದಲ್ಲಿ ಬುಕ್ಕರಾಯನ ಸ್ಥಾನದಲ್ಲಿ ಇರಬೇಕಾಗಿದ್ದವರು ಚಕ್ರವರ್ತಿಗಳು. 4ನೆಯ ಶತಮಾನದಲ್ಲಿ ಅವರೇ ಕ್ರೈಸ್ತರಾದುದರಿಂದ ತಕ್ಕಡಿ ವಾಲಿತು. 325ರಲ್ಲಿ ನಿಕೇಯದಲ್ಲಿ ಸೇರಿದ ಮಹಾಸಭೆಯು ಪುನರುತ್ಥಾನದ ಹಬ್ಬದ ದಿನವನ್ನು ಯೆಹೂದ್ಯರ ಪಂಚಾಂಗದ ಹಂಗಿನಿಂದ ಬಿಡಿಸಿತು. ಅದುವರೆಗೆ ಅನೇಕ ಕಡೆ ಕ್ರೈಸ್ತರು ತಮ್ಮ ಹಬ್ಬ ಯಾವಾಗಲೆಂದು ತಿಳಿಯಲು ಯೆಹೂದ್ಯ ನೆರೆಯವರನ್ನು ನೋಡಿಕೊಳ್ಳುತ್ತಿದ್ದರು. 388ರಲ್ಲಿ ಯೂಫ್ರಟಿಸ್ ತೀರದ ಕಲ್ಲಿನಿಕಂನಲ್ಲಿ ಕ್ರೈಸ್ತರು ಸಭಾಮಂದಿರವೊಂದನ್ನು ಸುಟ್ಟರು. ಅಲ್ಲಿನ ಧರ್ಮಾಧ್ಯಕ್ಷನ ಖರ್ಚಿನಿಂದ ಅದನ್ನು ಮತ್ತೆ ಕಟ್ಟಿಸಬೇಕೆಂದು ಥಿಯೊದೋಸಿಯಸ್ ಚಕ್ರವರ್ತಿ ಆಜ್ಞಾಪಿಸಿದನು. ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸನು ಪೂಜೆಯ ವೇಳೆಯಲ್ಲಿಯೇ ಎದುರುನಿಂತು ಅವನಿಂದ ಆ ಆಜ್ಞೆಯನ್ನು ಹಿಂದೆಗೆಸಿದನು. ಐದು ವರ್ಷಗಳ ಮೇಲೆ, 393ರಲ್ಲಿ, ಅದೇ ಚಕ್ರವರ್ತಿ ಯೆಹೂದ್ಯರ ಪಂಥವು ಯಾವ ಕಾನೂನಿನಿಂದಲೂ ನಿಷಿದ್ಧವಲ್ಲವೆಂದು ಸಾರಿ, ಸಭಾಮಂದಿರಗಳನ್ನು ಕೆಡಹುವವರನ್ನು ದಂಡಿಸಬೇಕೆಂದನು. 423ರ ಕಾನೂನುಗಳು ಇದ್ದ ಮಂದಿರಗಳಿಗೆ ರಕ್ಷಣೆಯನ್ನು ಕೊಟ್ಟು, ಹೊಸತನ್ನು ಕಟ್ಟುವುದನ್ನು ತಡೆದುವು. 429ರ ಹೊತ್ತಿಗೆ ಪ್ಯಾಲೆಸ್ತೀನಿನ ಯೆಹೂದ್ಯ ಕುಲಾಧಿಪತಿಯ ಪದವಿ ಅಳಿದುಹೋಗಿತ್ತು. ಬದುಕಲು ಎಡೆ, ಬೆಳೆಯಲು ತಡೆ: ರೋಮಕ ನೀತಿಯೆಂದರೆ ಇದೇ.

ಇದೇ ಕಾಲದಲ್ಲಿ ಶಿವಮೊಗ್ಗೆಯ ಲ್ಯಾಟಿನ್ ವಿಧಿಗೆ ಮೂಲವಾದ ಗ್ರಂಥವೊಂದು ಯೆಹೂದ್ಯರ ನೆರವಿನಿಂದಲೇ ಸಿದ್ಧವಾಯಿತು. 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿದ ಜೆರೋಮನು, ಗ್ರೀಕಿನಿಂದ ಬಂದ ಹಳೆಯ ಅನುವಾದಗಳನ್ನು ಬಿಟ್ಟು, ನೇರವಾಗಿ ಹೀಬ್ರುವಿನಿಂದ ಹಳೆಯ ಒಡಂಬಡಿಕೆಯನ್ನು ಲ್ಯಾಟಿನ್ನಿಗೆ ತಂದನು. ಹೀಬ್ರುವನ್ನು ಅವನಿಗೆ ಕಲಿಸಿದವರಲ್ಲಿ ಒಬ್ಬನಾದ ಬರನೀನನು ತನ್ನವರಿಗೆ ಹೆದರಿ ರಾತ್ರಿಯಲ್ಲಿ ಬಂದು ಪಾಠ ಹೇಳುತ್ತಿದ್ದನು. ಜೆರೋಮನ ಹಳೆಯ ಗೆಳೆಯನೂ ಆಮೇಲಿನ ವೈರಿಯೂ ಆದ ರೂಫೀನನು ಆ ಗುರುವಿನ ಹೆಸರನ್ನು ಬರಬ್ಬನೆಂದು ತಿರುಚಿ ಹಾಸ್ಯ ಮಾಡಿದನು. ಯೆಹೂದ್ಯನ ಬಳಿ ಓದುವುದು ಎರಡು ಕಡೆಯೂ ಅಪವಾದಕ್ಕೆ ಎಡೆ. ಆದರೂ ಓದು ನಡೆಯಿತು.

ಈ ಹೊಸ ಅನುವಾದ ಆಫ್ರಿಕೆಗೆ ಹೋದಾಗ ನಡೆದ ಪ್ರಸಂಗವು ಸಾಹಿತ್ಯಾಧ್ಯಾಪಕರ ನೆನಪಿನಲ್ಲಿ ಉಳಿಯತಕ್ಕದ್ದು. ಇಂದಿನ ತ್ರಿಪೋಲಿಯಾದ ಓಯೆಯ ಧರ್ಮಾಧ್ಯಕ್ಷನು ಯೋನನ ಪುಸ್ತಕವನ್ನು ಜೆರೋಮನ ಪಾಠದಂತೆ ಓದಿಸಿದನು. ಯೋನನಿಗೆ ನೆರಳು ಕೊಟ್ಟ ಗಿಡಕ್ಕೆ ಹಳೆಯ ಅನುವಾದದಲ್ಲಿ ಸೋರೆಬಳ್ಳಿಯೆಂದಿದ್ದರೆ, ಜೆರೋಮನು ಬೇರೊಂದು ಬಳ್ಳಿಯ ಹೆಸರನ್ನು ಹಾಕಿದ್ದನು. ತಲೆಮಾರುಗಳಿಂದ ಕೇಳಿ ಕಿವಿಗೆ ಕೂತ ಪದ ತಪ್ಪಿದೊಡನೆ ಸಭೆಯಲ್ಲಿ ಗದ್ದಲವೆದ್ದಿತು. ಧರ್ಮಾಧ್ಯಕ್ಷನು ಕೊನೆಗೆ ಮೊರೆಹೋದದ್ದು ಊರಿನ ಯೆಹೂದ್ಯರಲ್ಲಿ. ಅವರು ಹಳೆಯ ಪಾಠವೇ ಸರಿಯೆಂದರು. ಅವನು ಹೊಸ ಪಾಠವನ್ನು ಕೈಬಿಟ್ಟು ತನ್ನ ಸಭೆಯನ್ನು ಉಳಿಸಿಕೊಂಡನು. 403ರಲ್ಲಿ ಇದನ್ನು ಜೆರೋಮನಿಗೆ ಬರೆದು ತಿಳಿಸಿದವನು ಆಗಸ್ಟೀನ್. ಯೆಹೂದ್ಯರು ಕ್ರೈಸ್ತರ ಪುಸ್ತಕಗಳನ್ನು ಹೊತ್ತು ನಡೆಯುವ ಸಾಕ್ಷಿಗಳು, ಆದುದರಿಂದ ಅವರನ್ನು ಕೊಲ್ಲಕೂಡದು ಎಂದು ಸಿದ್ಧಾಂತ ಮಾಡಿದವನೂ ಅವನೇ. ಆ ಸಿದ್ಧಾಂತದಲ್ಲಿ ಯೆಹೂದ್ಯನು ಬದುಕಿರಬೇಕು, ಆದರೆ ಹೊರೆಯಾಳಾಗಿ. ಓಯೆಯ ಬೀದಿಯಲ್ಲಿ ಮಾತ್ರ ಅವನು ತೀರ್ಪುಗಾರನಾಗಿದ್ದನು.

ಗಡಿಯಾಚೆ ಪಾರಸೀಕ ರಾಜ್ಯದ ಸ್ಥಿತಿ ಬೇರೆ. ಅಲ್ಲಿ ಅರಸರು ಜರತುಷ್ಟ್ರನ ಮತದವರು. ಯೆಹೂದ್ಯರೂ ಕ್ರೈಸ್ತರೂ ಇಬ್ಬರೂ ಅಲ್ಪಸಂಖ್ಯಾತರು. ಅದರಲ್ಲಿಯೂ ಯೆಹೂದ್ಯರದು ಬಾಬಿಲೋನಿನ ಸೆರೆಯ ಕಾಲದಿಂದ ಬೇರೂರಿದ ಸಮುದಾಯ. ಮುಂದೆ ಬಾಬಿಲೋನಿನ ತಾಲ್ಮುದ್ ಎನ್ನಿಸಿಕೊಂಡ ಮಹಾಗ್ರಂಥ ಅಲ್ಲಿನ ವಿದ್ಯಾಪೀಠಗಳಲ್ಲಿ ಬೆಳೆಯುತ್ತಿತ್ತು. ಇಬ್ಬರ ಮಾತೂ ಅರಮಾಯಿಕ್. ಕ್ರೈಸ್ತರ ಸಿರಿಯಕ್ ಅದರ ಒಂದು ಪ್ರಭೇದ. ಅವರ ಪೆಶಿತ್ತಾ ಬೈಬಲಿನ ಹಳೆಯ ಒಡಂಬಡಿಕೆಯು ಗ್ರೀಕಿನ ಮೂಲಕವಲ್ಲದೆ ಹೀಬ್ರುವಿನಿಂದಲೇ ಬಂದುದು. ಅದರಲ್ಲಿ ಯೆಹೂದ್ಯ ವ್ಯಾಖ್ಯಾನಗಳ ಪರಿಚಯ ಕಾಣುತ್ತದೆ. ಜೆರೋಮನು ರಾತ್ರಿಯ ಪಾಠದಿಂದ ಸಂಪಾದಿಸಿದುದು ಇವರಿಗೆ ಮನೆಯ ಮಾತಿನ ನೆರೆಯಲ್ಲಿಯೇ ಇತ್ತು.

ಈ ನಾಡಿನ ಅಫ್ರಹಾತನು 337ರಿಂದ 345ರೊಳಗೆ 23 ಉಪನ್ಯಾಸಗಳನ್ನು ರಚಿಸಿದನು. ಮೊದಲ 22 ಸಿರಿಯಕ್ ವರ್ಣಮಾಲೆಯ 22 ಅಕ್ಷರಗಳ ಅನುಕ್ರಮದಲ್ಲಿ ಆರಂಭವಾಗುತ್ತವೆ; ಈ ಬಗೆಯ ಅಕ್ಷರಬಂಧವನ್ನು ಅವನು ಹೀಬ್ರು ಕೀರ್ತನೆಗಳಲ್ಲಿಯೂ ಕಾಣಬಹುದಾಗಿತ್ತು. ಸುನ್ನತಿ, ಪಸ್ಕ, ಸಬ್ಬತ್, ಆಹಾರಭೇದ ಮುಂತಾದ ವಿಷಯಗಳಲ್ಲಿ ಯೆಹೂದ್ಯರಿಗೆ ಅವನು ಎದುರುತ್ತರ ಕೊಡುತ್ತಾನೆ. ಆದರೆ ಅಂತಿಯೋಕ್ಯದ ಆ ಬೈಗುಳ ಇಲ್ಲಿಲ್ಲ. ಅಫ್ರಹಾತನು ಶಾಸ್ತ್ರವಾಕ್ಯಕ್ಕೆ ಶಾಸ್ತ್ರವಾಕ್ಯವನ್ನು ಒಡ್ಡುತ್ತಾನೆ. ಅವನು ಬರೆಯುತ್ತಿದ್ದಾಗಲೇ, 340ರ ಸುಮಾರಿಗೆ, ಎರಡನೆಯ ಶಾಪೂರನು ಕ್ರೈಸ್ತರನ್ನು ಹಿಂಸಿಸತೊಡಗಿದ್ದನು. ದೇವರು ನಿಮ್ಮವನಾಗಿದ್ದರೆ ನಿಮ್ಮನ್ನು ಏಕೆ ಕಾಯಲಿಲ್ಲವೆಂಬ ಯೆಹೂದ್ಯರ ಪ್ರಶ್ನೆಗೆ ಅವನು ಉತ್ತರ ಹುಡುಕಬೇಕಾಗಿತ್ತು. ಆಳುವವರ ಕಡೆಯ ವಾಗ್ಮಿಗೂ ಪೆಟ್ಟು ತಿನ್ನುತ್ತಿರುವವರ ಕಡೆಯ ವಾದಿಗೂ ಇರುವ ಅಂತರವೆಂದರೆ ಇದು.

ಭಾಷೆಯ ನೆಂಟಸ್ತಿಕೆಯೇ ಸೌಮ್ಯತೆಗೆ ಕಾರಣವೆಂದು ಇದರಿಂದ ತೀರ್ಮಾನಿಸಲಾಗದು. ಸಿರಿಯಕ್ ಕವಿಗಳಲ್ಲಿ ಅಗ್ರಗಣ್ಯನಾದ ಎಫ್ರೇಮನು ಅದೇ ಭಾಷೆಯಲ್ಲಿ ಯೆಹೂದ್ಯರ ವಿಷಯವಾಗಿ ಬಹಳ ಕಟುವಾಗಿ ಹಾಡಿದನು. ಅವನಿದ್ದ ನಿಸಿಬಿಸ್ ರೋಮಕರದಾಗಿತ್ತು. 363ರಲ್ಲಿ ಅದು ಪಾರಸೀಕರ ಪಾಲಾದಾಗ ಅವನು ಅದನ್ನು ಬಿಟ್ಟು ರೋಮಕರ ಎದೆಸ್ಸಾಕ್ಕೆ ಬಂದು, 373ರಲ್ಲಿ ಅಲ್ಲಿಯೇ ತೀರಿಕೊಂಡನು. ಇನ್ನು ಅಧಿಕಾರ ಯೆಹೂದ್ಯರ ಕೈಗೆ ಬಂದಲ್ಲಿ ಅವರೇನು ಮಾಡಿದರೆಂಬುದಕ್ಕೆ ದಕ್ಷಿಣ ಅರೇಬಿಯದ ಹಿಮ್ಯರ ರಾಜ್ಯ ಉದಾಹರಣೆ. ಯೆಹೂದ್ಯಮತವನ್ನು ಅವಲಂಬಿಸಿದ್ದ ಅಲ್ಲಿನ ಅರಸ ಯೂಸುಫನು 523ರಲ್ಲಿ ನಜ್ರಾನಿನ ಕ್ರೈಸ್ತರನ್ನು ಕೊಲ್ಲಿಸಿದನು. ಆದುದರಿಂದ ಭೇದದ ಮೂಲವನ್ನು ಧರ್ಮದಲ್ಲಿಯಾಗಲಿ ಭಾಷೆಯಲ್ಲಿಯಾಗಲಿ ಹುಡುಕುವುದಕ್ಕಿಂತ, ಅರಸನು ಯಾರ ಕಡೆಗಿದ್ದನೆಂದು ಕೇಳುವುದು ಹೆಚ್ಚು ಉಪಯುಕ್ತ.

ಪಾರಸೀಕ ಕ್ರೈಸ್ತರ ಈ ವಿಧಿಯೇ ಭದ್ರಾವತಿಗೆ ಬಂದುದು. 1962ರವರೆಗೆ ಕೇರಳದಲ್ಲಿ ಅದು ಸಿರಿಯಕ್ಕಿನಲ್ಲಿಯೇ ನಡೆಯುತ್ತಿದ್ದು, ಆಮೇಲೆ ಮಲೆಯಾಳಕ್ಕೆ ತಿರುಗಿತು. ಪೂಜೆಗೆ ಉಳಿದ ಹೆಸರು ಕುರ್ಬಾನ. ಹೀಬ್ರುವಿನಲ್ಲಿ ದೇವಾಲಯದ ಬಲಿಗೆ ಇದ್ದ ಹೆಸರೂ ಇದೇ ಧಾತುವಿನಿಂದ ಬಂದ ಕೊರ್ಬಾನ್. ಧಾತುವಿನ ಅರ್ಥ 'ಹತ್ತಿರ ಸಾರು' ಎಂದು. ಶಿವಮೊಗ್ಗೆಯ ಬೀದಿಗಳಲ್ಲಿ ಬಕ್ರೀದಿನ ಸಮಯ ಕೇಳಿಬರುವ ಕುರ್ಬಾನಿ ಎಂಬ ಮಾತೂ ಇದೇ ಬೇರಿನ ಇನ್ನೊಂದು ಕೊಂಬೆ. ಪೂರ್ವ ಸಿರಿಯಕ್ ಪದ್ಧತಿಯಲ್ಲಿ ಹಬ್ಬದ ಪೂಜೆಗಳಿಗೆ ನಾಲ್ಕು ಪಾಠಗಳುಂಟು; ಸಭಾಮಂದಿರದ ವಾಚನದಂತೆ ಧರ್ಮಶಾಸ್ತ್ರ, ಪ್ರವಾದಿಗಳು ಇವುಗಳಿಂದ ಎರಡು ಮೊದಲು ಬಂದು, ಅನಂತರ ಅಪೊಸ್ತಲರ ಪತ್ರವೂ ಸುವಾರ್ತೆಯೂ ಬರುತ್ತವೆ. ಪಾಠಗಳನ್ನು ಓದುವ ಎತ್ತರದ ಜಗಲಿಗೆ ಬೇಮಾ ಎಂದು ಹೆಸರು. ಸಭಾಮಂದಿರದಲ್ಲಿಯೂ ಅದೇ ಹೆಸರು. ಅದ್ದಾಯಿ-ಮಾರಿಯರ ಹೆಸರಿನಲ್ಲಿರುವ ಮುಖ್ಯ ಪ್ರಾರ್ಥನೆಯು, ಊಟವಾದ ಮೇಲೆ ಯೆಹೂದ್ಯರು ಹೇಳುವ ಸ್ತೋತ್ರದ ರಚನೆಯನ್ನು ಹೋಲುತ್ತದೆಂದು ಪೂಜಾವಿಧಿಯ ಇತಿಹಾಸಕಾರರಲ್ಲಿ ಅನೇಕರು ತೋರಿಸಿದ್ದಾರೆ.

ಮನೆಯ ಆಚಾರವೊಂದನ್ನೂ ಇಲ್ಲಿ ಹೇಳಬೇಕು. ಕೇರಳದ ನಸ್ರಾಣಿ ಕುಟುಂಬಗಳಲ್ಲಿ ಶುಭಶುಕ್ರವಾರದ ಹಿಂದಿನ ರಾತ್ರಿ ಹುಳಿಯಿಲ್ಲದ 'ಪೆಸಹಾ ಅಪ್ಪ'ವನ್ನು ಮಾಡಿ, ಮನೆಯ ಯಜಮಾನನು ಮುರಿದು ಹಿರಿಯರಿಂದ ಕಿರಿಯರವರೆಗೆ ಹಂಚುತ್ತಾನೆ. ಜೊತೆಗೆ ತೆಂಗಿನಹಾಲು ಬೆಲ್ಲಗಳ ಪಾನಕವಿರುತ್ತದೆ. ಹೆಸರೂ ರೀತಿಯೂ ಯೆಹೂದ್ಯರ ಪಸ್ಕದ ಊಟವನ್ನು ನೆನಪಿಗೆ ತರುತ್ತವೆ. ಇದರಿಂದ ಆ ಕುಟುಂಬಗಳು ಯೆಹೂದ್ಯ ಸಂತತಿಯವೆಂದು ಕೆಲವರು ಹೇಳುವುದುಂಟು. ಬೈಬಲಿನ ವಾಚನದಿಂದಲೇ ಇಂಥ ಆಚಾರ ಹುಟ್ಟಬಹುದಾದ್ದರಿಂದ, ಇಷ್ಟರಿಂದಲೇ ಆ ತೀರ್ಮಾನಕ್ಕೆ ನೆಗೆಯುವುದು ಸಲ್ಲದು. ಇದಕ್ಕಿಂತ ಗಟ್ಟಿಯಾದ ಆಧಾರ 849ರ ಕೊಲ್ಲಂ ತಾಮ್ರಶಾಸನ. ವೇಣಾಡಿನ ಅಯ್ಯನಡಿಗಳು ಅಲ್ಲಿನ ತರಿಸಾ ಎಂಬ ಕ್ರೈಸ್ತ ದೇವಾಲಯಕ್ಕೆ ಭೂಮಿಯನ್ನೂ ಹಕ್ಕುಗಳನ್ನೂ ಕೊಟ್ಟ ದತ್ತಿಪತ್ರ ಅದು. ಅದರ ಸಾಕ್ಷಿಗಳು ಕೂಫೀ ಲಿಪಿಯ ಅರಬ್ಬಿಯಲ್ಲಿಯೂ, ಪಹ್ಲವಿಯಲ್ಲಿಯೂ, ಹೀಬ್ರು ಲಿಪಿಯ ಪಾರಸಿಯಲ್ಲಿಯೂ ರುಜು ಹಾಕಿದ್ದಾರೆ. ಕೊನೆಯವರು ಯೆಹೂದ್ಯ ವರ್ತಕರು. ಚರ್ಚಿಗೆ ಕೊಟ್ಟ ದಾನ ಸರಿಯೆಂದು ಯೆಹೂದ್ಯನೊಬ್ಬನು ರುಜು ಹಾಕುವುದು ಅದೇ ಕಾಲದ ಯೂರೋಪಿನಲ್ಲಿ ಸುಲಭವಾಗಿ ಕಾಣುವ ಸಂಗತಿಯಲ್ಲ.

ಲ್ಯಾಟಿನ್ ವಿಧಿಯಲ್ಲಿಯೂ ಹೀಬ್ರುವಿನ ಸೊತ್ತು ಕಡಮೆಯಿಲ್ಲ. ಆಮೆನ್, ಅಲ್ಲೆಲೂಯ, ಹೊಸಾನ್ನ ಎಂಬ ಪದಗಳು ಅನುವಾದವಾಗದೆಯೇ ಲ್ಯಾಟಿನ್ನನ್ನು ದಾಟಿ ಕನ್ನಡಕ್ಕೆ ಬಂದಿವೆ. ಯೆಶಾಯನ ದರ್ಶನದ ಮೂರು ಸಲದ ಪವಿತ್ರಘೋಷ ಸಭಾಮಂದಿರದಲ್ಲಿಯೂ ಶಿವಮೊಗ್ಗೆಯಲ್ಲಿಯೂ ಭದ್ರಾವತಿಯಲ್ಲಿಯೂ ಒಂದೇ. ಆದರೆ ಇದೇ ವಿಧಿ ರೋಮಕ ಕಾಲದ ಕಹಿಯನ್ನೂ ಹೊತ್ತು ತಂದಿತು. ಶುಭಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ 'ವಿಶ್ವಾಸವಿಲ್ಲದವರು' ಎಂಬರ್ಥದ, ಕಾಲಕ್ರಮದಲ್ಲಿ 'ದ್ರೋಹಿಗಳು' ಎಂದೇ ಕೇಳಿಸತೊಡಗಿದ ವಿಶೇಷಣ ಶತಮಾನಗಳ ಕಾಲ ಅಂಟಿಕೊಂಡಿತ್ತು. ಇಪ್ಪತ್ತಮೂರನೆಯ ಯೋವಾನ್ ಪೋಪರು 1959ರಲ್ಲಿ ಅದನ್ನು ತೆಗೆಸಿದರು. ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಘೋಷಿಸಿತು.

ಉಳಿದುದು ಕನ್ನಡದ ಒಂದು ಪದ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸರಿಂದ ಮೊದಲಾಗಿ ಬೈಬಲನ್ನು ಕನ್ನಡಿಸುವ ಕೆಲಸ ಸಾಗಿಬಂದು, ಸಬ್ಬತ್, ಪಸ್ಕ, ಫರಿಸಾಯರು ಮುಂತಾದ ಪದಗಳು ಭಾಷೆಯಲ್ಲಿ ನೆಲೆಗೊಂಡುವು. ಯೋವಾನನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಪದೇಪದೇ ಬರುವ ಒಂದು ಪದಕ್ಕೆ ಯೂದಾಯ ಪ್ರಾಂತದವರು ಎಂದೂ, ಯೆರೂಸಲೇಮಿನ ಅಧಿಕಾರಿಗಳು ಎಂದೂ, ಯೆಹೂದ್ಯ ಜನರೆಲ್ಲ ಎಂದೂ ಸಂದರ್ಭಾನುಸಾರ ಅರ್ಥವಾಗಬಹುದು. ಈ ಅರ್ಥಗಳೆಲ್ಲಕ್ಕೂ 'ಯೆಹೂದ್ಯರು' ಎಂಬ ಒಂದೇ ಪದವನ್ನು ಹಾಕಿದಾಗ, ಹಿಂಸೆಯ ಕಥೆಯಲ್ಲಿ ಒಂದು ಜನಾಂಗವೇ ಎದುರಾಳಿಯಾಗಿ ನಿಲ್ಲುತ್ತದೆ. ಯೇಸುವೂ ಅವನ ತಾಯಿಯೂ ಶಿಷ್ಯರೂ ಅದೇ ಜನಾಂಗದವರೆಂಬುದು ಓದುಗನಿಗೆ ಮರೆತುಹೋಗುತ್ತದೆ. ಬೇರೆ ಭಾಷೆಗಳ ಕೆಲವು ಆಧುನಿಕ ಅನುವಾದಗಳು ಅಂಥ ಕಡೆ 'ಯೆಹೂದ್ಯ ಅಧಿಕಾರಿಗಳು' ಎಂದು ಬಿಡಿಸಿ ಹೇಳಿವೆ. ಆ ಸುವಾರ್ತೆಯ ಯಾತನಾಕಥೆಯನ್ನು ಲ್ಯಾಟಿನ್ ವಿಧಿಯ ದೇವಾಲಯಗಳಲ್ಲಿ ಪ್ರತಿವರ್ಷವೂ ಶುಭಶುಕ್ರವಾರ ಗಟ್ಟಿಯಾಗಿ ಓದುತ್ತಾರೆ. ಅದಕ್ಕೆ ಹಿಂದಿನ ರಾತ್ರಿಯೇ ನಸ್ರಾಣಿ ಮನೆಗಳಲ್ಲಿ ಪೆಸಹಾ ಅಪ್ಪವನ್ನು ಮುರಿದು ಹಂಚಿ ಆಗಿರುತ್ತದೆ.